ತಟ್ಟೆಯ ಮೇಲಣ ಕನ್ನಡ

ವಿಮರ್ಶೆಯೆಂದರೆ ಅಚ್ಚಾದ ಗ್ರಂಥದ ವಿಮರ್ಶೆಯೆಂಬುದೇ ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಒಂದು ಪದ್ಯ ಪುಸ್ತಕದಲ್ಲಿದ್ದರೆ ಅದರ ಪಾಠಾಂತರಗಳನ್ನು ಕುರಿತು ಚರ್ಚಿಸುತ್ತೇವೆ; ಅದೇ ಪದ್ಯ ಗಾಯಕನೊಬ್ಬನ ಕಂಠದಿಂದ ಹೊರಟು ಗ್ರಾಮಫೋನ್ ತಟ್ಟೆಯ ಗೆರೆಗಳಲ್ಲಿ ಕುಳಿತಿದ್ದರೆ ಅದು ಕೇವಲ ಮನೋರಂಜನೆಯೆಂದು ಬದಿಗಿಡುತ್ತೇವೆ. ಈ ಭೇದ ನ್ಯಾಯವಾದುದಲ್ಲವೆಂದು ನಮ್ಮ ಅಭಿಪ್ರಾಯ. ಅದರಲ್ಲಿಯೂ ತಿರುಪ್ಪೂರು, ಕೊಯಮತ್ತೂರು ಪ್ರಾಂತದಲ್ಲಿರುವ ನಮಗೆ ಇದು ಸಲ್ಲದು. ಇಲ್ಲಿ ದೇವಾಂಗರು, ಒಕ್ಕಲಿಗರು ಮೊದಲಾದ ಕನ್ನಡ ಮನೆಮಾತಿನ ಜನರು ತಲೆಮಾರುಗಳಿಂದ ನೆಲಸಿದ್ದಾರೆ. ಬೀದಿಯ ಬರಹ ತಮಿಳು, ಬಸ್ಸಿನ ಫಲಕ ತಮಿಳು, ಸಂತೆಯ ಲೆಕ್ಕ ತಮಿಳು. ಮನೆಯೊಳಗಿನ ಕನ್ನಡವೋ ಸವೆದು ನುಣುಪಾದ ಕನ್ನಡ. ಅದರಲ್ಲಿ ಮಹಾಪ್ರಾಣಗಳು ಹೋಗಿ ಎಷ್ಟೋ ಕಾಲವಾಯಿತು. ತಿದ್ದಿದ ಕನ್ನಡವನ್ನು ಕಿವಿಯಿಂದ ಕೇಳುವ ಸಂದರ್ಭ ಇಂತಹ ಮನೆಯ ಮಗುವಿಗೆ ಎಷ್ಟು ಬಾರಿ ಒದಗೀತು? ಹಿಂದಿನವರಿಗೆ ಆ ಸಂದರ್ಭವನ್ನು ಒದಗಿಸಿದುದರಲ್ಲಿ ತಟ್ಟೆಯ ಪಾಲು ದೊಡ್ಡದು. ಆದುದರಿಂದ ತಟ್ಟೆಯನ್ನೂ ಒಂದು ಪಾಠವೆಂದೇ ಎಣಿಸಿ, ಅದರ ಗುಣದೋಷಗಳನ್ನು ಇಲ್ಲಿ ಸ್ವಲ್ಪ ವಿವೇಚಿಸಲು ಹೊರಟಿದ್ದೇವೆ.

ತಟ್ಟೆಯನ್ನು ವಿಮರ್ಶಿಸಬೇಕಾದರೆ ಮೊದಲು ಅದು ಸಿಕ್ಕಬೇಕು. ಪುಸ್ತಕಕ್ಕೆ ಗ್ರಂಥಾಲಯವಿದೆ; ತಟ್ಟೆಗೆ ಹಳೆಯ ಸಾಮಾನಿನ ಅಂಗಡಿಯೇ ಗತಿ. ರಜೆಯಲ್ಲಿ ಎಲ್ಲಿಗೆ ಪ್ರಯಾಣ ಹೊರಟರೂ ಆ ಊರಿನ ದೇವಸ್ಥಾನವನ್ನು ಕೇಳುವ ಮುನ್ನ ಗುಜರಿ ಬೀದಿಯನ್ನು ಕೇಳುವುದು ನಮಗೆ ಅಭ್ಯಾಸವಾಗಿದೆ. ಕೊಯಮತ್ತೂರಿನ ಉಕ್ಕಡದ ಹಳೆಯ ಪುಸ್ತಕದ ಸಾಲು, ಬೆಂಗಳೂರಿನ ಅವೆನ್ಯೂ ರಸ್ತೆ, ಮುಂಬಯಿಯ ಚೋರ್ ಬಜಾರು, ಕಲ್ಕತ್ತೆಯ ಫ್ರೀ ಸ್ಕೂಲ್ ಸ್ಟ್ರೀಟು—ಇವು ಈ ಬೇಟೆಗಾರರ ಕ್ಷೇತ್ರಗಳು. ಮದರಾಸಿನ ಮೂರ್ ಮಾರ್ಕೆಟ್ಟು ಇವೆಲ್ಲಕ್ಕೂ ಹಿರಿಯಣ್ಣನಂತಿತ್ತು; 1985ರ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಅರಗಿಗೆ ಬೆಂಕಿ ಬಿದ್ದರೆ ಏನಾಗುವುದೆಂದು ಹೇಳಬೇಕಾದುದಿಲ್ಲ.

ನಮ್ಮ ಕಡೆಯಿಂದ ಮೈಸೂರಿಗೆ ಹೋಗುವವರು ಸತ್ಯಮಂಗಲ, ಬಣ್ಣಾರಿಗಳನ್ನು ದಾಟಿ, ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಹತ್ತಿ ಚಾಮರಾಜನಗರದ ಮೇಲೆ ಹೋಗುತ್ತಾರೆ. ಆ ದಾರಿಯಲ್ಲಿ ಮರಳುವಾಗ ಅರಗಿನ ತಟ್ಟೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತವನಿಗೆ ಒಂದೊಂದು ತಿರುವೂ ಒಂದೊಂದು ಪರೀಕ್ಷೆ. ವಿನೈಲಿನ ತಟ್ಟೆ ಬಿಸಿಲಿಗೆ ಸೊಟ್ಟಗಾದೀತೇ ಹೊರತು ಒಡೆಯದು. ಅರಗಿನದು ಹೆಂಚಿನಂತೆ ಎರಡಾಗುತ್ತದೆ.

ಅಂಗಡಿಗಳಲ್ಲಿ ಕನ್ನಡದ ತಟ್ಟೆಗೆ ಪ್ರತ್ಯೇಕವಾದ ಸ್ಥಾನವಿರುವುದಿಲ್ಲ. ಉಕ್ಕಡದ ಒಂದು ಅಂಗಡಿಯಲ್ಲಿ ತಮಿಳಿಗೆ ಒಂದು ಕಪಾಟು, ಹಿಂದಿಗೆ ಒಂದು, ಉಳಿದುದಕ್ಕೆಲ್ಲ ನೆಲದ ಮೇಲೊಂದು ರಾಶಿ. ಕನ್ನಡವೂ ತೆಲುಗೂ ಆ ರಾಶಿಯಲ್ಲಿ ಒಂದಾಗಿ ಮಲಗಿದ್ದವು. "ಎರಡೂ ಒಂದೇ ಎಳುತ್ತು ತಾನೇ" ಎಂದ ಅಂಗಡಿಯವನನ್ನು ತಪ್ಪೆನ್ನುವ ಹಾಗಿಲ್ಲ. ತಮಿಳು ಕಣ್ಣಿಗೆ ಎರಡರ ಲಿಪಿಯೂ ಒಂದೇ ಬಗೆಯ ದುಂಡು.

ಕೊಳ್ಳುವ ಮುನ್ನ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ನೇರವಾಗಿ ನೋಡಿದರೆ ಎಲ್ಲವೂ ಕಪ್ಪೇ. ಅಂಚಿನಿಂದ ಒಳಕ್ಕೆ ಕೂದಲೆಳೆಯಂತಹ ಬಿರುಕಿದ್ದರೆ ಪ್ರತಿ ಸುತ್ತಿಗೂ 'ಟಕ್' ಎನ್ನುವುದು ಖಂಡಿತ. ಗೆರೆಗಳು ಬೂದುಬಣ್ಣಕ್ಕೆ ತಿರುಗಿದ್ದರೆ ಹಿಂದಿನ ಯಜಮಾನನು ಸೂಜಿಯನ್ನು ಬದಲಾಯಿಸುವುದರಲ್ಲಿ ಜಿಪುಣನಾಗಿದ್ದನೆಂದು ತಿಳಿಯಬೇಕು. ಉಕ್ಕಿನ ಸೂಜಿಯನ್ನು ಪ್ರತಿಯೊಂದು ಪಕ್ಕಕ್ಕೂ ಹೊಸದಾಗಿ ಹಾಕಬೇಕಾಗಿತ್ತು; ಅರಗಿನೊಡನೆ ಬೆರೆಸಿದ ಕಲ್ಲುಪುಡಿ ಸೂಜಿಯನ್ನು ತೇಯುತ್ತಿತ್ತು, ತೇಯ್ದ ಸೂಜಿ ತಟ್ಟೆಯನ್ನು ಕೊರೆಯುತ್ತಿತ್ತು. ಇನ್ನೊಂದು ಮಾತು: 78 ಸುತ್ತಿನ ತಟ್ಟೆಯ ಗೆರೆಗೆ ಅಂಗುಲದ ಸಾವಿರದಲ್ಲಿ ಸುಮಾರು ಮೂರು ಪಾಲು ದಪ್ಪದ ಮೊನೆ ಬೇಕು, ಲಾಂಗ್ ಪ್ಲೇ ತಟ್ಟೆಗೆ ಒಂದು ಪಾಲು ಸಾಕು. ಇದರ ಮೊನೆಯನ್ನು ಅದರಲ್ಲಿಟ್ಟರೆ ಗೆರೆಯ ತಳದ ಕೊಳೆಯನ್ನಷ್ಟೇ ಕೇಳಿಸುತ್ತದೆ. ಈ ವಿಚಾರ ತಿಳಿಯದೆ ಹಾಡನ್ನು ನಿಂದಿಸಿದವರನ್ನು ನಾವು ಕಂಡಿದ್ದೇವೆ.

ಇತಿಹಾಸವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯೋಣ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಯಲ್ಲಿ ಗೌಹರ್ ಜಾನರ ಕಂಠವನ್ನು ಮುದ್ರಿಸಿಕೊಂಡನು. ಮುದ್ರಿಕೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಯಾಗಿ ಬರಬೇಕಾಗಿದ್ದುದರಿಂದ, ಅಲ್ಲಿನ ಕೆಲಸಗಾರರಿಗೆ ಗುರುತಾಗಲೆಂದು ಆಕೆ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆ ಮಹಾಗಾಯಕಿ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಾಲವಾದರೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಇನ್ನು ಅಂಗಡಿಯ ತಟ್ಟೆಯ ಮಹಿಮೆಗೆ ಗದುಗಿನ ಬಾಲಕ ಭೀಮಸೇನ ಜೋಶಿಯವರ ಕಥೆಯೊಂದೇ ಸಾಕು. ಅಂಗಡಿಯೊಂದರಲ್ಲಿ ನುಡಿಸುತ್ತಿದ್ದ ಅಬ್ದುಲ್ ಕರೀಂ ಖಾನರ ಠುಮ್ರಿಯ ತಟ್ಟೆಯನ್ನು ಕೇಳಿ ಮರುಳಾದ ಆ ಹುಡುಗ, ಗುರುವನ್ನರಸಿ 1933ರಲ್ಲಿ ಮನೆಬಿಟ್ಟು ಹೊರಟನು. ಆಗ ಆತನಿಗೆ ಹನ್ನೊಂದು ವರ್ಷ. ನಮ್ಮ ಐದನೆಯ ತರಗತಿಯ ಮಕ್ಕಳ ವಯಸ್ಸು.

ಈಗ ಮುಖ್ಯ ವಿಷಯಕ್ಕೆ ಬರೋಣ. ಹತ್ತು ಅಂಗುಲದ ಅರಗಿನ ತಟ್ಟೆಯ ಒಂದು ಪಕ್ಕ ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷ ಹಾಡುತ್ತದೆ. ಪಲ್ಲವಿ, ಅನುಪಲ್ಲವಿಗಳೊಡನೆ ಐದಾರು ಚರಣಗಳಿರುವ ದೇವರನಾಮವನ್ನು ಈ ಅಳತೆಗೆ ಒಗ್ಗಿಸುವುದು ಹೇಗೆ? ಗಾಯಕರು ಕಂಡುಕೊಂಡ ಉಪಾಯ ಸರಳ: ಮೊದಲನೆಯ ಚರಣವನ್ನು ಹಾಡುವುದು, ಅಂಕಿತಕ್ಕೋಸ್ಕರ ಕೊನೆಯದನ್ನು ಹಾಡುವುದು, ನಡುವಿನದನ್ನು ಕೈಬಿಡುವುದು. ದಾಸರ ಪದಗಳಲ್ಲಿ ವಾದ ಬೆಳೆಯುವುದು ಆ ನಡುವಿನ ಚರಣಗಳಲ್ಲಿಯೇ. ಆರಂಭದಲ್ಲಿ ಪ್ರಶ್ನೆ, ಕೊನೆಯಲ್ಲಿ ಶರಣಾಗತಿ. ಪ್ರಶ್ನೆಯಿಂದ ಶರಣಾಗತಿಗೆ ಮನಸ್ಸು ನಡೆದ ದಾರಿಯೇ ಇಲ್ಲವಾದರೆ ಪದ ಬರಿಯ ಸ್ತೋತ್ರವಾಗಿ ಉಳಿಯುತ್ತದೆ. ದಾಸರೆಂದರೆ ಕೇವಲ ಹರಿಸ್ಮರಣೆಯವರು, ಲೋಕವಿಮರ್ಶೆಯಿಲ್ಲದವರು ಎಂಬ ಭಾವನೆ ಸಂಗೀತಪ್ರಿಯರಲ್ಲಿ ಹರಡಲು ಈ ಮೂರು ನಿಮಿಷದ ಕತ್ತರಿಯೂ ಒಂದು ಕಾರಣವೆಂದು ನಮಗೆ ತೋರುತ್ತದೆ. 1948ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಲಾಂಗ್ ಪ್ಲೇ ತಟ್ಟೆ ಒಂದು ಪಕ್ಕಕ್ಕೆ ಇಪ್ಪತ್ತು ನಿಮಿಷಕ್ಕೂ ಮೀರಿ ಹಾಡಬಲ್ಲುದಾಗಿ, ಮುಂದೆ ಕತ್ತರಿಯ ಅವಶ್ಯಕತೆಯನ್ನು ತಪ್ಪಿಸಿತು. ಅಷ್ಟರಲ್ಲಿ ಕತ್ತರಿಸಿದ ಪಾಠವೇ ಕೇಳುಗರಿಗೆ ರೂಢಿಯಾಗಿತ್ತು!

ಇದಕ್ಕೆ ಪ್ರತಿಯಾಗಿ, ತಟ್ಟೆಯ ಅಳತೆಗೆಂದೇ ಹುಟ್ಟಿತೋ ಎನ್ನುವಂತಹ ಪದಗಳೂ ಇವೆ. ಬಿ. ಎಸ್. ರಾಜಯ್ಯಂಗಾರ್ಯರು ಹಾಡಿದ ಪುರಂದರದಾಸರ 'ಜಗದೋದ್ಧಾರನ' ಅಂತಹದು. ದಕ್ಷಿಣ ದೇಶದ ಮನೆಮನೆಗೂ ಕನ್ನಡದ ಈ ಪದವನ್ನು ಕೊಂಡೊಯ್ದುದು ಅವರ ತಟ್ಟೆಯೇ. ಕಾವೇರಿಯ ಕೆಳದಂಡೆಯವರೆಗೆ ಕನ್ನಡದ ಒಂದಕ್ಷರವನ್ನೂ ಅರಿಯದವರು ಇದನ್ನು ಬಾಯಿಪಾಠವಾಗಿ ಹಾಡಿದರು. ಯಶೋದೆ ತನ್ನ ಮಗನನ್ನು ಆಡಿಸಿದಳೆಂಬುದೇ ಪದದ ವಿಷಯ. ವೇದಗಳಿಗೆ ನಿಲುಕದವನು, ಅಣುವಿಗೂ ಮಹತ್ತಿಗೂ ಮಿಗಿಲಾದವನು, ಪರಮಪುರುಷನು ಎಂದು ಮೂರು ಚರಣಗಳಲ್ಲಿ ಮೂರು ಮೆಟ್ಟಿಲು ಹತ್ತಿ, ಪ್ರತಿಸಲವೂ ತಾಯಿಯ ಮಡಿಲಿಗೇ ಇಳಿದುಬರುವ ರಚನೆ ಅದು. ಕಾಪಿ ರಾಗದ ಮೃದುತ್ವ ಆ ಇಳಿಯುವಿಕೆಗೆ ಹೇಳಿ ಮಾಡಿಸಿದಂತಿದೆ. ರಾಜಯ್ಯಂಗಾರ್ಯರ ಗಾಯನದಲ್ಲಿ ನಮಗೆ ಮೆಚ್ಚುಗೆಯಾದುದು, ಅವರು ಪಾಂಡಿತ್ಯವನ್ನು ತೋರಿಸಲು ಮಗುವನ್ನು ತೊಟ್ಟಿಲಿನಿಂದ ಎಬ್ಬಿಸುವುದಿಲ್ಲ ಎಂಬುದು.

ಈ ಪದವನ್ನು ನಮ್ಮ ತರಗತಿಯಲ್ಲಿ ಉಕ್ತಲೇಖನಕ್ಕೆ ಬಳಸಿಕೊಂಡೆವು. ತಟ್ಟೆ ಹಾಡುತ್ತದೆ, ಮಕ್ಕಳು ಬರೆಯುತ್ತಾರೆ. ಅರ್ಧ ತರಗತಿ 'ಜಗದೋದ್ಧಾರನ' ಎಂದು ಬರೆಯಿತು, ಇನ್ನರ್ಧ 'ಜಗದೋದ್ಧಾರಣ' ಎಂದು ಬರೆಯಿತು. ನಗುವಂತಿಲ್ಲ, ಅಚ್ಚಾದ ಪುಸ್ತಕಗಳಲ್ಲಿಯೂ ಈ ಎರಡು ರೂಪಗಳಿವೆ. ಯಾವುದು ಸರಿ? 'ಉದ್ಧಾರಣ' ಎಂದರೆ ಎತ್ತುವ ಕ್ರಿಯೆ. ಕ್ರಿಯೆಯನ್ನು ಯಾವ ತಾಯಿಯೂ ಆಡಿಸಲಾರಳು. 'ಉದ್ಧಾರನ' ಎಂಬಲ್ಲಿ ಇರುವುದು ದ್ವಿತೀಯಾ ವಿಭಕ್ತಿ. 'ಉದ್ಧಾರನಂ' ಎಂಬ ಹಳಗನ್ನಡದ ರೂಪ ಸೊನ್ನೆಯನ್ನು ಬಿಟ್ಟು ನಿಂತದ್ದು. ಜಗತ್ತನ್ನು ಎತ್ತುವವನನ್ನು ಯಶೋದೆ ಎತ್ತಿ ಆಡಿಸಿದಳು—ಪದದ ಚಮತ್ಕಾರವೆಲ್ಲ ಈ ಒಂದು ನಕಾರದಲ್ಲಿದೆ. ಣಕಾರ ಬಂದರೆ ಮಗು ಮಡಿಲಿನಿಂದ ಮಾಯವಾಗಿ ತತ್ತ್ವವೊಂದು ಉಳಿಯುತ್ತದೆ. ('ಜಗದ' ಎಂಬ ಕನ್ನಡ ಷಷ್ಠಿಗೆ ಸಂಸ್ಕೃತ ಶಬ್ದ ಸೇರಿದಾಗ ಗುಣಸಂಧಿ ಎಲ್ಲಿಂದ ಬಂತೆಂದು ಪಂಡಿತರು ಆಕ್ಷೇಪಿಸಬಹುದು. ದಾಸರು ಪಂಡಿತರನ್ನು ಕೇಳಿ ಹಾಡಿದವರಲ್ಲ.)

ಈ ಣಕಾರಕ್ಕೆ ತಮಿಳು ಲಿಪಿಯೇ ಕಾರಣವೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ತಮಿಳಿನಲ್ಲಿ ನಕಾರ ಣಕಾರಗಳಿಗೆ ಬೇರೆ ಬೇರೆ ಅಕ್ಷರಗಳು ಸ್ಪಷ್ಟವಾಗಿಯೇ ಇವೆ. ಲಿಪಿಯ ಕೊರತೆಯಿರುವುದು ಮಹಾಪ್ರಾಣದಲ್ಲಿ, ಘೋಷಾಕ್ಷರಗಳಲ್ಲಿ. ಕ, ಖ, ಗ, ಘ ನಾಲ್ಕಕ್ಕೂ ಅಲ್ಲಿ ಒಂದೇ ಕಕಾರ. ಅದಕ್ಕೆಂದೇ ತಮಿಳಿನ ಕೀರ್ತನೆಯ ಪುಸ್ತಕಗಳಲ್ಲಿ ಅಕ್ಷರದ ಮೇಲೆ 2, 3, 4 ಎಂಬ ಅಂಕೆಗಳನ್ನು ಇಟ್ಟು ಸೂಚಿಸುತ್ತಾರೆ. ಶ್ರದ್ಧೆಯ ಗಾಯಕರು ಆ ಅಂಕೆಗಳನ್ನು ನೋಡಿ ಹಾಡಿದರು. ಅವಸರದವರು ನೋಡದೆ ಹಾಡಿದರು. ಆದರೆ ವಿಭಕ್ತಿಗೆ ಅಂಕೆ ಇಡುವ ಉಪಾಯ ಯಾವ ಲಿಪಿಯಲ್ಲಿಯೂ ಇಲ್ಲ. ತಮಿಳಿನ ದ್ವಿತೀಯೆ ಐಕಾರದಲ್ಲಿ ಮುಗಿಯುವುದರಿಂದ, ಕನ್ನಡದ ಈ 'ನ' ಅವರ ಕಿವಿಗೆ ವಿಭಕ್ತಿಯಾಗಿ ಕೇಳಿಸುವುದೇ ಇಲ್ಲ. ಪರಿಚಿತವಾದ ಸಂಸ್ಕೃತ ಶಬ್ದವೇ ಕೇಳಿಸುತ್ತದೆ. ಕಿವಿ ಕೇಳುವುದು ನಾದವನ್ನು. ಅಕ್ಷರವನ್ನು ತೀರ್ಮಾನಿಸುವುದು ಕೇಳುವವನ ವ್ಯಾಕರಣ. ನಮ್ಮ ಅರ್ಧ ತರಗತಿ ಣಕಾರವನ್ನು ಬರೆದದ್ದು ನಮಗೆ ಚಿಂತೆಗೆ ಕಾರಣವಾದುದು ಇದರಿಂದಲೇ. ಆ ಮಕ್ಕಳು ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ. 'ಅವನ್ನ ಕರಿ' ಎನ್ನುತ್ತಾರೆ. ಆದರೂ ಹಾಡಿನಲ್ಲಿ ಅದೇ ವಿಭಕ್ತಿಯನ್ನು ಗುರುತಿಸಲಿಲ್ಲ. ಹಾಡಿನ ಕನ್ನಡ ತಮ್ಮ ಮನೆಯ ಕನ್ನಡವೇ ಎಂಬುದು ಅವರಿಗೆ ತಿಳಿದಿರಲಿಲ್ಲ.

ಚಿತ್ರಗೀತೆಯ ತಟ್ಟೆಗಳ ವಿಚಾರ. ಇವುಗಳಲ್ಲಿ ಸಾಹಿತ್ಯಾಂಶ ಕಡಮೆಯೆಂಬ ದೂರು ಹಳೆಯದು. ಅದನ್ನು ಇಲ್ಲಿ ಮತ್ತೆ ಹೇಳಬೇಕಾದುದಿಲ್ಲ. ಉಚ್ಚಾರದ ದೃಷ್ಟಿಯಿಂದ ಮಾತ್ರ ಎರಡು ಮಾತು. ನೆಲಮಂಗಲದ ಸೀಮೆಯ ಹೊನ್ನಪ್ಪ ಭಾಗವತರು ಕೊಯಮತ್ತೂರಿನ ಸೆಂಟ್ರಲ್ ಸ್ಟುಡಿಯೋದಲ್ಲಿ ತೆಗೆದ 'ಶ್ರೀ ಮುರುಗನ್' ಎಂಬ 1946ರ ತಮಿಳು ಚಿತ್ರಕ್ಕೆ ನಾಯಕರಾಗಿದ್ದರು. ಕನ್ನಡಿಗನು ತಮಿಳಿನಲ್ಲಿ ಹಾಡಿ ತಮಿಳರ ಮೆಚ್ಚುಗೆಯನ್ನು ಪಡೆದ ಆ ತಟ್ಟೆಗಳು ಉಕ್ಕಡದ ಕಪಾಟಿನಲ್ಲಿ ದೊರೆಯಬಹುದು. ಉಚ್ಚಾರವೆಂಬುದು ಶ್ರಮದಿಂದ ಬರುವುದೇ ಹೊರತು ಹುಟ್ಟಿನಿಂದಲ್ಲವೆಂಬುದಕ್ಕೆ ಅವು ಸಾಕ್ಷಿ. ಇನ್ನು ರಾಜಕುಮಾರರು ಹುಟ್ಟಿದ ಗಾಜನೂರು 1929ರಲ್ಲಿ ನಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ನಾಟಕದ ಕಂಪನಿಯಲ್ಲಿ ಪಳಗಿದ ಆ ನಾಲಿಗೆ ಬಹುಕಾಲ ಪಿ. ಬಿ. ಶ್ರೀನಿವಾಸರ ಹಾಡಿಗೆ ತುಟಿಯನ್ನಷ್ಟೇ ಕೊಡುತ್ತಿತ್ತು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಿಂದೀಚೆಗೆ ತಾನೇ ಹಾಡತೊಡಗಿತು. ಶ್ರೀನಿವಾಸರ ಕಂಠ ಹೆಚ್ಚು ನಯವಾದುದು, ಒಪ್ಪತಕ್ಕ ಮಾತು. ಆದರೆ ಒತ್ತಕ್ಷರವನ್ನು ಒತ್ತಿಯೇ ನುಡಿಯುವ ಕಂಪನಿ ನಾಟಕದ ಶಿಕ್ಷಣ ರಾಜಕುಮಾರರ ತಟ್ಟೆಗಳಲ್ಲಿ ಕಿವಿಗೆ ಹಿತವಾಗಿ ತಾಕುತ್ತದೆ. ತರಗತಿಗೆ ನಾವು ಆರಿಸಿಕೊಳ್ಳುವುದು ಇವನ್ನೇ.

ಭಾವಗೀತೆಗಳಿಗೆ ಬಂದರೆ, ಮೋಹನಕುಮಾರಿ, ಸೋಹನಕುಮಾರಿಯರೊಡನೆ ಹಾಡಿದ ಪಿ. ಕಾಳಿಂಗರಾಯರ ಸೇವೆಯನ್ನು ಮರೆಯುವಂತಿಲ್ಲ. ಅವರಲ್ಲಿ ವಾದ್ಯ ಹಿಂದೆ ನಿಲ್ಲುತ್ತದೆ, ಕವಿಯ ಮಾತು ಮುಂದೆ ಬರುತ್ತದೆ. ಆದರೆ ನಮ್ಮ ಕೈಗೆ ಬಂದ ಹಳೆಯ ತಟ್ಟೆಗಳ ಚೀಟಿಯಲ್ಲಿ ಗಾಯಕನ ಹೆಸರಿದೆ, ಕಂಪನಿಯ ನಾಯಿಯ ಚಿತ್ರವಿದೆ, ರಾಗದ ಹೆಸರೂ ಒಮ್ಮೊಮ್ಮೆ ಇದೆ. ಕವಿಯ ಹೆಸರು ಮಾತ್ರ ಅನೇಕದರಲ್ಲಿ ಇಲ್ಲ. ನಾಯಿಗೆ ದೊರೆತ ಸ್ಥಳ ಕವಿಗೆ ದೊರೆಯಲಿಲ್ಲ. 1967ರ 'ಬೆಳ್ಳಿಮೋಡ' ಚಿತ್ರದಲ್ಲಿ ವಿಜಯಭಾಸ್ಕರರ ಸಂಗೀತಕ್ಕೆ ಎಸ್. ಜಾನಕಿಯವರು ಬೇಂದ್ರೆಯವರ 'ಬೆಳಗು' ಕವನವನ್ನು ಹಾಡಿದ್ದಾರೆ. ಅದನ್ನು ಚಿತ್ರಗೀತೆಯೆಂದೇ ತಿಳಿದವರು ಇಂದಿಗೂ ಇದ್ದಾರೆ. ಉಪಾಧ್ಯಾಯ ಮಿತ್ರರು ಮುದ್ರಿತ ಕವನವನ್ನು ಎದುರಿಗಿಟ್ಟುಕೊಂಡು ಆ ತಟ್ಟೆಯನ್ನು ಕೇಳಿಸಿ, ಹಾಡಿದುದೆಷ್ಟು, ಬಿಟ್ಟುದೆಷ್ಟು ಎಂದು ಮಕ್ಕಳಿಂದಲೇ ಗುರುತಿಸಿಸಬಹುದು. ಬೇಂದ್ರೆಯವರ ಮೇಲೆ ಒಂದು ತಾಸು ಉಪನ್ಯಾಸ ಮಾಡುವುದಕ್ಕಿಂತ ಇದರಿಂದ ಹೆಚ್ಚು ಪ್ರಯೋಜನವಾದೀತು.

1980ರ ದಶಕದಲ್ಲಿ ಕ್ಯಾಸೆಟ್ಟುಗಳು ಹರಡಿದ ಮೇಲೆ ತಟ್ಟೆಗಳು ಅಟ್ಟ ಹತ್ತಿದವು. ಈಗ ಮತ್ತೆ ಇಳಿಯುತ್ತಿವೆ. ಅಮೆರಿಕದಲ್ಲಿ 2022ರಲ್ಲಿ ವಿನೈಲ್ ತಟ್ಟೆಗಳು ಸಿ. ಡಿ.ಗಳಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಮಾರಾಟವಾದವು. 1987ರಿಂದೀಚೆಗೆ ಹಾಗಾದುದು ಅದೇ ಮೊದಲು. ಇದರ ಪರಿಣಾಮ ಗುಜರಿ ಅಂಗಡಿಯವನಿಗೂ ತಿಳಿದಿದೆ. ತೂಕಕ್ಕೆ ಸಿಕ್ಕುತ್ತಿದ್ದುದು ಇಂದು ಸಂಗ್ರಾಹಕರ ಬೆಲೆಗೆ ಏರಿದೆ. ಸಂಗ್ರಾಹಕರಲ್ಲಿಯೂ ಎರಡು ಪಂಗಡ: ಕೇಳುವವರು, ಕೂಡಿಡುವವರು. ಕೂಡಿಡುವವರು ತಟ್ಟೆ ಸವೆಯುತ್ತದೆಂದು ಅದರ ಮೇಲೆ ಸೂಜಿಯನ್ನು ಇಳಿಸುವುದೇ ಇಲ್ಲ. ಹಳೆಯ ತಟ್ಟೆಗಳನ್ನು ಗಣಕಯಂತ್ರಕ್ಕೆ ಇಳಿಸಿ ಎಲ್ಲರಿಗೂ ಕೇಳಿಸುವ ಪ್ರಯತ್ನಗಳು ಬೆಂಗಳೂರು ಮೊದಲಾದೆಡೆ ನಡೆದಿವೆ. ಅವನ್ನು ನಾವು ಸ್ವಾಗತಿಸುತ್ತೇವೆ. ಹಾಗೆ ಇಳಿಸುವವರಲ್ಲಿ ನಮ್ಮದೊಂದೇ ಬಿನ್ನಹ: ಪಟ್ಟಿಯಲ್ಲಿ ಹಾಡಿನ ಮೊದಲ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ಬರೆಯದೆ ಕನ್ನಡದ ಅಕ್ಷರದಲ್ಲಿಯೂ ಬರೆಯಲಿ. ಇಂಗ್ಲಿಷಿನಲ್ಲಿ ನಕಾರ ಣಕಾರಗಳಿಗೆ ಇರುವುದು ಒಂದೇ ಅಕ್ಷರ.