ಸುಕ್ಕಿನ ಲೆಕ್ಕ

ಮೊನ್ನೆ ಅಕ್ಕ ಫೋನ್ ಮಾಡಿದ್ಳು. "ಕಣ್ಣಿನ ಸುತ್ತ ಗೆರೆ ಬಂದ್ಬಿಟ್ಟಿದೆ ಕಣೇ. ಒಂದು ಸೀರಮ್ ನೋಡಿದೀನಿ, ಲ್ಯಾಬಲ್ಲಿ ಟೆಸ್ಟ್ ಆಗಿದೆ ಅಂತ ಡಬ್ಬದ ಮೇಲೇ ಬರೆದಿದೆ. ತಗೊಳ್ಳಲಾ?" ಬೆಲೆ ಕೇಳಿದೆ. ಮಗನ ಎರಡು ತಿಂಗಳ ಸ್ಕೂಲ್ ವ್ಯಾನ್ ದುಡ್ಡು!

ಟೆಸ್ಟ್ ಆಗಿರಬಹುದು. ಆದರೆ ಯಾವುದರ ಜೊತೆ ಹೋಲಿಸಿ?

ಈ ಪ್ರಶ್ನೆಗೆ ಒಳ್ಳೆಯ ಪಾಠ ಇರೋದು ಇಂಗ್ಲೆಂಡಿನಲ್ಲಿ. 2007ರಲ್ಲಿ ಬಿಬಿಸಿಯ 'ಹೊರೈಝನ್' ಕಾರ್ಯಕ್ರಮ ಬೂಟ್ಸ್ ಕಂಪನಿಯ 'ಪ್ರೊಟೆಕ್ಟ್ ಅಂಡ್ ಪರ್ಫೆಕ್ಟ್' ಸೀರಮ್ಮಿನ ಲ್ಯಾಬ್ ಪರೀಕ್ಷೆಯನ್ನು ತೋರಿಸಿತು. ಜನ ಮುಗಿಬಿದ್ದು ಕೊಂಡರು, ಅಂಗಡಿಗಳಲ್ಲಿ ಸ್ಟಾಕ್ ಖಾಲಿ.

ಪರೀಕ್ಷೆ ಮಾಡಿದವರು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಚರ್ಮತಜ್ಞ ಕ್ರಿಸ್ ಗ್ರಿಫಿತ್ಸ್ ಮತ್ತವರ ತಂಡ. ಬಿಸಿಲಿಗೆ ಬಳಲಿದ ಮುಂಗೈ ಚರ್ಮಕ್ಕೆ ಸೀರಮ್ ಹಚ್ಚಿ, ಮೇಲೆ ಪಟ್ಟಿ ಹಾಕಿ ಮುಚ್ಚುತ್ತಾರೆ. 12 ದಿನ ಆದಮೇಲೆ ಚರ್ಮದ ಸಣ್ಣ ಚೂರು ತೆಗೆದು, ಅದರಲ್ಲಿ ಫೈಬ್ರಿಲಿನ್ ಅನ್ನೋ ಪ್ರೋಟೀನ್ ಎಷ್ಟಿದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚರ್ಮದ ಬಿಗಿತಕ್ಕೆ ಬೇಕಾದ ಈ ಪ್ರೋಟೀನ್ ಬಿಸಿಲಿಗೆ ಕಡಿಮೆಯಾಗುತ್ತದೆ. ಇದು ನಿಜವಾದ ವಿಜ್ಞಾನವೇ. ಆದರೆ ಪಟ್ಟಿ ಹಾಕಿದ ಮುಂಗೈಯಲ್ಲಿ ಪ್ರೋಟೀನ್ ಹೆಚ್ಚಾದರೆ ಮುಖದ ಗೆರೆ ಹೋಯಿತು ಅಂತ ಅರ್ಥವಲ್ಲ.

ಅದು ಅವರಿಗೂ ಗೊತ್ತಿತ್ತು. ಅದಕ್ಕೇ 60 ಜನರ ಮುಖದ ಮೇಲೇ ಪ್ರಯೋಗ ಮಾಡಿ, 2009ರಲ್ಲಿ ಪ್ರಕಟಿಸಿದರು. ಅರ್ಧ ಜನಕ್ಕೆ ಸೀರಮ್, ಇನ್ನರ್ಧಕ್ಕೆ ಮುಖ್ಯ ಅಂಶಗಳನ್ನು ತೆಗೆದ ಬರೀ ಬೇಸ್. ಯಾರಿಗೆ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಹೆಚ್ಚಿನ ಕಂಪನಿಗಳು ಇಷ್ಟೂ ಮಾಡೋದಿಲ್ಲ, ಅದನ್ನು ಮೆಚ್ಚಲೇಬೇಕು. ದುಡ್ಡು ಕೊಟ್ಟಿದ್ದು ಬೂಟ್ಸ್ ಅನ್ನೋದೂ ನೆನಪಿರಲಿ.

ಆರು ತಿಂಗಳಿಗೆ ಸೀರಮ್ ಹಚ್ಚಿದವರಲ್ಲಿ 43% ಜನರ ಸುಕ್ಕು ಸುಧಾರಿಸಿತ್ತು, ಬೇಸ್ ಹಚ್ಚಿದವರಲ್ಲಿ 22%. ಬರೀ ಬೇಸ್‌ಗೂ ಇಷ್ಟು ಹೇಗೆ? ತೇವ ಸಿಕ್ಕರೆ ಯಾವ ಚರ್ಮವೂ ಸ್ವಲ್ಪ ಉಬ್ಬುತ್ತೆ, ಸಣ್ಣ ಗೆರೆಗಳು ಮಂಕಾಗುತ್ತವೆ. ನಾವು ದುಡ್ಡು ಕೊಡೋದು ಅದರ ಮೇಲಿನ ವ್ಯತ್ಯಾಸಕ್ಕೆ ತಾನೇ?

ನನ್ನ ತಕರಾರು ಇಲ್ಲೇ. ಲೇಖಕರು ಪ್ರತಿ ಗುಂಪನ್ನೂ ಅದರದೇ ಹಳೆಯ ಮುಖಕ್ಕೆ ಹೋಲಿಸಿದರು: ಸೀರಮ್ ಗುಂಪಿನ ಸುಧಾರಣೆ ಗಣನೀಯ, ಬೇಸ್ ಗುಂಪಿನದು ಅಲ್ಲ. ಆದರೆ ಎರಡು ಗುಂಪನ್ನು ಪಕ್ಕಪಕ್ಕ ಇಟ್ಟರೆ, ಇಷ್ಟು ಕಮ್ಮಿ ಜನರಲ್ಲಿ ಆ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು. ಆಫೀಸಲ್ಲಿ ಒಂದು ಬಟನ್ ಬಣ್ಣದ ಎ/ಬಿ ಟೆಸ್ಟನ್ನು ಹೀಗೆ ತೋರಿಸಿದ್ರೆ ನನ್ನ ಮ್ಯಾನೇಜರ್ ವಾಪಸ್ ಕಳಿಸ್ತಾರೆ. ಸಂಖ್ಯಾಶಾಸ್ತ್ರಜ್ಞ ಮಾರ್ಟಿನ್ ಬ್ಲಾಂಡ್ ಆಗಲೇ ಈ ಪ್ರಯೋಗದ ಲೆಕ್ಕವನ್ನು ಪ್ರಶ್ನಿಸಿದ್ದರು.

ಒಂದು ವರ್ಷದ ಲೆಕ್ಕ ಇನ್ನೂ ಚೆನ್ನಾಗಿ ಕಾಣುತ್ತೆ: 70% ಎದುರು 33%. ಆದರೆ ಆರು ತಿಂಗಳ ನಂತರ ಎಲ್ಲರಿಗೂ ಸೀರಮ್ಮೇ ಕೊಟ್ಟಿದ್ದರು. ಅಂದರೆ ಆ 33% ಅಳೆದದ್ದಲ್ಲ, ಅಂದಾಜು.

ಇದಕ್ಕೆದುರಾಗಿ ಆಸ್ಟ್ರೇಲಿಯಾದ ನಂಬೂರ್ ಊರಿನ ಅಧ್ಯಯನ ನೋಡಿ. 2013ರಲ್ಲಿ ಪ್ರಕಟವಾದದ್ದು, 903 ಜನ, ನಾಲ್ಕೂವರೆ ವರ್ಷ. ಒಂದು ಗುಂಪು ದಿನಾ ಸನ್‌ಸ್ಕ್ರೀನ್ ಹಚ್ಚಬೇಕು, ಇನ್ನೊಂದು ಮನಸ್ಸಿಗೆ ಬಂದಾಗ. ಕೈಯ ಹಿಂಭಾಗಕ್ಕೆ ಸಿಲಿಕೋನ್ ಒತ್ತಿ ಅಚ್ಚು ತೆಗೆದು ಗೆರೆಗಳನ್ನು ನೋಡಿದರು. ದಿನಾ ಹಚ್ಚಿದವರಲ್ಲಿ ಚರ್ಮ ಮುಪ್ಪಾಗುವುದು 24% ಕಡಿಮೆ. ಇದೂ ಮುಖವಲ್ಲ, ಕೈ, ಒಪ್ಪುತ್ತೀನಿ. ಆದರೆ ಹೋಲಿಕೆ ಗುಂಪಿಗೂ ಗುಂಪಿಗೂ ನಡುವೆ.

ಅಕ್ಕನಿಗೆ ಇಷ್ಟೂ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು, "ಸನ್‌ಸ್ಕ್ರೀನೇ ತರ್ತೀನಿ ಬಿಡು, ಮಗನೂ ಕ್ರಿಕೆಟ್‌ಗೆ ಹೋಗುವಾಗ ಹಚ್ಕೊಳ್ತಾನೆ" ಅಂದ್ಳು. ಸೀರಮ್ ಆಸೆ ಪೂರ್ತಿ ಹೋಗಿಲ್ಲ ಅನ್ನೋದು ದನಿಯಲ್ಲೇ ಗೊತ್ತಾಯ್ತು. ಪರವಾಗಿಲ್ಲ. ತಗೊಂಡರೂ, ಏನಕ್ಕೆ ದುಡ್ಡು ಕೊಡ್ತಿದೀನಿ ಅಂತ ಗೊತ್ತಿದ್ದು ತಗೋತಾಳೆ.