ಗಡಿನಾಡಿನ ಕಚೇರಿಗೆ ಕಿರುಗಾತ್ರದ ಲ್ಯಾಪ್‌ಟಾಪ್: ಥಿಂಕ್‌ಪ್ಯಾಡ್ ಎಕ್ಸ್280

ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಎಕ್ಸ್280 ಮಾರುಕಟ್ಟೆಗೆ ಬಂದದ್ದು 2018ರಲ್ಲಿ. 12.5 ಇಂಚಿನ ಪರದೆ, ಸುಮಾರು 1.2 ಕಿಲೋ ತೂಕ, 18 ಮಿಲಿಮೀಟರಿಗಿಂತ ಕಡಿಮೆ ದಪ್ಪ. ಕಚೇರಿ ಕೆಲಸಕ್ಕೆಂದೇ ರೂಪಿಸಿದ ಯಂತ್ರ. ಮರುವರ್ಷ ಇದರ ಜಾಗಕ್ಕೆ ಬಂದ ಎಕ್ಸ್390 ಮಾದರಿ 13.3 ಇಂಚಿಗೆ ಬೆಳೆಯಿತು. ದೊಡ್ಡ ಕಂಪನಿಗಳು ಕೆಲವು ವರ್ಷ ಬಳಸಿ ಕೈಬಿಟ್ಟ ಇಂಥ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಸೆಕೆಂಡ್‌ಹ್ಯಾಂಡ್ ಮಾಲಾಗಿ ಸಿಗುತ್ತವೆ. ಆ ಪೇಟೆಯಿಂದ ಸುಮಾರು 40 ಕಿಲೋಮೀಟರ್ ದೂರದ ಹೊಸೂರಿನ ಸಣ್ಣ ಕಚೇರಿಗಳಿಗೆ ಈ ಯಂತ್ರ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದು ಪರಿಶೀಲನೆಗೆ ಯೋಗ್ಯವಾದ ವಿಷಯ.

ಅಳತೆಗೋಲು ಮೊದಲು ಸ್ಪಷ್ಟವಾಗಬೇಕು. ಹೊಸೂರು 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶದೊಂದಿಗೆ ಬೆಳೆದ ಊರು. ಅಶೋಕ್ ಲೇಲ್ಯಾಂಡ್, ಟಿವಿಎಸ್ ಮೋಟಾರ್, ಟೈಟನ್‌ನಂಥ ದೊಡ್ಡ ಕಾರ್ಖಾನೆಗಳ ಸುತ್ತ ಬಿಡಿಭಾಗ ತಯಾರಿಸುವ ನೂರಾರು ಸಣ್ಣ ಘಟಕಗಳಿವೆ. ಕೃಷ್ಣಗಿರಿಯ ಕಡೆ ಗ್ರಾನೈಟ್ ಮತ್ತು ಮಾವಿನ ತಿರುಳಿನ ಉದ್ಯಮ, ಹೊಸೂರಿನ ಸುತ್ತ ಗುಲಾಬಿ ತೋಟಗಳು. ಇಲ್ಲಿನ ಕಚೇರಿಯೆಂದರೆ ಟ್ಯಾಲಿಯಲ್ಲಿ ಲೆಕ್ಕ, ಎಕ್ಸೆಲ್ ಪಟ್ಟಿ, ಇಮೇಲ್, ಜಿಎಸ್‌ಟಿ ರಿಟರ್ನ್. ಅತ್ತಿಬೆಲೆಯ ಬಳಿ ಗಡಿ ದಾಟಿದರೆ ಬೇರೆ ರಾಜ್ಯ. 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕು ಗಡಿ ದಾಟಬೇಕಾದರೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಕಡ್ಡಾಯ. ಇದರ ಜೊತೆಗೆ ಭಾಷೆಯ ಮಾತು: ಹೊಸೂರು, ತಳಿ, ಡೆಂಕಣಿಕೋಟೆಯ ಕಡೆ ತಮಿಳು, ಕನ್ನಡ, ತೆಲುಗು ಮೂರೂ ಬಳಕೆಯಲ್ಲಿವೆ. ಆನೇಕಲ್ ತಾಲೂಕಿನಲ್ಲೂ ಜಮೀನಿರುವ ಕುಟುಂಬಕ್ಕೆ ಅಲ್ಲಿನ ಪಹಣಿ ಕನ್ನಡದಲ್ಲಿ ಬೇಕು, ಇಲ್ಲಿನ ಪಟ್ಟಾ ತಮಿಳಿನಲ್ಲಿ. ಯಂತ್ರದ ಪರೀಕ್ಷೆ ಈ ಕೆಲಸಗಳ ಮೇಲೆಯೇ ನಡೆಯಬೇಕು.

ವೇಗದ ವಿಷಯದಲ್ಲಿ ಎಕ್ಸ್280 ಇಂದಿಗೂ ಸಾಲುತ್ತದೆ. ಹೆಚ್ಚಿನವುಗಳಲ್ಲಿರುವುದು ಇಂಟೆಲ್‌ನ 8ನೇ ಪೀಳಿಗೆಯ ಪ್ರೊಸೆಸರ್. ಐ5 ಮತ್ತು ಐ7 ಆದರೆ ನಾಲ್ಕು ಕೋರ್. ಹಿಂದಿನ ಎಕ್ಸ್270ರಲ್ಲಿ ಇದ್ದದ್ದು ಎರಡೇ. ಟ್ಯಾಲಿ, ಎಕ್ಸೆಲ್ ಮತ್ತು ಬ್ರೌಸರ್ ಒಟ್ಟಿಗೆ ತೆರೆದಿದ್ದರೂ ಅದು ಏದುಸಿರು ಬಿಡುವುದಿಲ್ಲ. ಬಿಡಿಭಾಗದ ಎರಡು ಆಯಾಮದ ನಕ್ಷೆಯನ್ನು ತೆರೆದು ತಿದ್ದಬಹುದು. ಭಾರಿ ಮೂರು ಆಯಾಮದ ವಿನ್ಯಾಸ ಇದರ ಕೆಲಸವಲ್ಲ. 8ನೇ ಪೀಳಿಗೆಗೆ ಇನ್ನೊಂದು ಮಹತ್ವವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಯಂತ್ರಗಳಲ್ಲಿ ಅಧಿಕೃತ ಅರ್ಹತೆ ಬಹುಮಟ್ಟಿಗೆ ಶುರುವಾಗುವುದೇ ಈ ಪೀಳಿಗೆಯಿಂದ. ಬ್ಯಾಂಕು, ತೆರಿಗೆ, ಡಿಜಿಟಲ್ ಸಹಿಯ ಕೆಲಸಕ್ಕೆ ಭದ್ರತಾ ಅಪ್‌ಡೇಟ್ ನಿಂತ ಯಂತ್ರ ತರವಲ್ಲ. ಆದ್ದರಿಂದ ಕೊಳ್ಳುವಾಗ ಪ್ರೊಸೆಸರಿನ ಸಂಖ್ಯೆ 8ರಿಂದ ಆರಂಭವಾಗುತ್ತದೆಯೇ ಎಂದು ನೋಡಲೇಬೇಕು.

ಮೆಮೊರಿಯಲ್ಲಿ ಈ ಮಾದರಿಯ ದೊಡ್ಡ ಕೊರತೆಯಿದೆ. ಎಕ್ಸ್270ರಲ್ಲಿ ಬದಲಿಸಬಹುದಾಗಿದ್ದ ರ್‍ಯಾಮ್ ಇದರಲ್ಲಿ ಬೋರ್ಡಿಗೇ ಬೆಸೆದುಕೊಂಡಿದೆ. 4, 8 ಅಥವಾ 16 ಜಿಬಿ. ಕೊಂಡಾಗ ಇದ್ದಷ್ಟೇ ಕೊನೆಯವರೆಗೆ. 4 ಜಿಬಿಯದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು. 8 ಜಿಬಿ ಇಂದಿಗೆ ಸಾಕು. ಇನ್ನೂ ಕೆಲವು ವರ್ಷ ದುಡಿಸಬೇಕೆಂದರೆ 16 ಜಿಬಿಯೇ ಸರಿ. ಎಸ್‌ಎಸ್‌ಡಿಯನ್ನು ಮಾತ್ರ ತಳದ ಮುಚ್ಚಳ ಬಿಚ್ಚಿ ಬದಲಿಸಬಹುದು. ಅದೇ ಮುಚ್ಚಳ ತೆರೆದು ಫ್ಯಾನನ್ನೂ ಶುಚಿ ಮಾಡಬಹುದು. ಗ್ರಾನೈಟ್ ಪುಡಿ ಹಾರಾಡುವ ಕಡೆ ಈ ಕೆಲಸ ಆಗಾಗ ಆಗಬೇಕು. ಧೂಳು ತುಂಬಿದ ಫ್ಯಾನ್ ಸದ್ದು ಮಾಡುತ್ತದೆ, ಬಿಸಿ ಹೊರಹೋಗದೆ ವೇಗವೂ ಇಳಿಯುತ್ತದೆ.

ಪರದೆಯ ವಿಷಯದಲ್ಲಿ ಕನ್ನಡ ಬಳಸುವವರು ಹೆಚ್ಚು ಎಚ್ಚರ ವಹಿಸಬೇಕು. ಎಕ್ಸ್280 ಮುಖ್ಯವಾಗಿ ಎರಡು ಬಗೆಯ ಪರದೆಗಳಲ್ಲಿ ಬಂತು: 1366×768 ಮತ್ತು 1920×1080. ಮೊದಲನೆಯದರಲ್ಲಿ ಇಂಚಿಗೆ ಸುಮಾರು 125 ಚುಕ್ಕೆ, ಎರಡನೆಯದರಲ್ಲಿ ಸುಮಾರು 176. ಬರಿ ಇಂಗ್ಲಿಷ್ ಓದುವವರು ಮೊದಲನೆಯದರಲ್ಲೂ ಹೇಗೋ ಕೆಲಸ ಸಾಗಿಸಬಹುದು. ಆದರೆ ‘ರಾಷ್ಟ್ರೀಯ’ ಎಂಬ ಪದದಲ್ಲಿ ಒಂದೇ ಅಕ್ಷರದ ಕೆಳಗೆ ಎರಡು ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಪಹಣಿಯ ಸಣ್ಣ ಅಕ್ಷರದಲ್ಲಿ ಇಂಥವು ಚುಕ್ಕೆ ಸಾಲದೆ ಕಲಸಿಕೊಂಡು ಕಾಣುತ್ತವೆ. ತೆಲುಗಿಗೂ ಇದೇ ತೊಂದರೆ. ಒತ್ತುಗಳ ಜಂಜಾಟ ಅಷ್ಟಾಗಿ ಇಲ್ಲದ ತಮಿಳಿಗೆ ಕಡಿಮೆ. ಕಡಿಮೆ ಚುಕ್ಕೆಯ ಟಿಎನ್ ಪರದೆಯ ಬಣ್ಣ ಓರೆಯಿಂದ ನೋಡಿದರೆ ಮಂಕಾಗುತ್ತದೆ. ಗಿರಾಕಿಗೆ ಪಟ್ಟಿ ತೋರಿಸುವಾಗ ಯಂತ್ರವನ್ನೇ ಅವರತ್ತ ತಿರುಗಿಸಬೇಕಾಗುತ್ತದೆ. 1920×1080ರ ಐಪಿಎಸ್ ಪರದೆ ಈ ಎರಡೂ ದೋಷಗಳನ್ನು ಕಳೆಯುತ್ತದೆ. ಆದರೂ 12.5 ಇಂಚು ಚಿಕ್ಕದೇ. ದಿನವಿಡೀ ಲೆಕ್ಕ ಬರೆಯುವವರಿಗೆ ಎಚ್‌ಡಿಎಂಐ ಮೂಲಕ ಮೇಜಿನ ಮೇಲೊಂದು ದೊಡ್ಡ ಮಾನಿಟರ್ ಬೇಕೇ ಬೇಕು.

ಕೀಲಿಮಣೆ ಈ ಯಂತ್ರದ ಅತ್ಯುತ್ತಮ ಅಂಗ. ಕೀಲಿಗಳಿಗೆ ಸಾಕಷ್ಟು ಆಳವಿದೆ, ಒತ್ತಿದ್ದು ಬೆರಳಿಗೆ ತಿಳಿಯುತ್ತದೆ, ಚೂರುಪಾರು ನೀರು ಚೆಲ್ಲಿದರೆ ತಡೆಯುವಂತೆ ಮಾಡಲಾಗಿದೆ. ಟ್ಯಾಲಿ ಬಳಸುವವರ ಕೈ ಸದಾ ಮೇಲಿನ ಸಾಲಿನಲ್ಲಿರುತ್ತದೆ: ಪಾವತಿಗೆ ಎಫ್5, ರಸೀದಿಗೆ ಎಫ್6, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9. ಇಲ್ಲಿ ಆ ಕೀಲಿಗಳಿಗೆ ಧ್ವನಿ, ಬೆಳಕುಗಳ ನಿಯಂತ್ರಣವೂ ಸೇರಿರುವುದರಿಂದ ಮೊದಲ ದಿನವೇ ಎಫ್‌ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ ಎಫ್ ಕೀಲಿಗಳನ್ನು ಸ್ಥಿರಗೊಳಿಸಿಕೊಳ್ಳಬೇಕು. ಎಡಮೂಲೆಯಲ್ಲಿ ಕಂಟ್ರೋಲ್ ಬದಲು ಎಫ್‌ಎನ್ ಇದೆ. ಬಯೋಸ್‌ನಲ್ಲಿ ಇವೆರಡನ್ನು ಅದಲುಬದಲು ಮಾಡಬಹುದು. ಪ್ರತ್ಯೇಕ ನಂಬರ್ ಪ್ಯಾಡ್ ಇಲ್ಲದಿರುವುದು ಲೆಕ್ಕಿಗರಿಗೆ ನಿಜವಾದ ನಷ್ಟ. ಯುಎಸ್‌ಬಿ ನಂಬರ್ ಪ್ಯಾಡ್ ಅದನ್ನು ತುಂಬುತ್ತದೆ, ಆದರೆ ಒಂದು ಪೋರ್ಟನ್ನು ನುಂಗುತ್ತದೆ.

ಭಾಷೆಗಳ ಟೈಪಿಂಗಿಗೆ ಯಂತ್ರಕ್ಕಿಂತ ವಿಂಡೋಸ್ ಮುಖ್ಯ. ಕೀಲಿಗಳ ಮೇಲೆ ಇಂಗ್ಲಿಷ್ ಮಾತ್ರ ಅಚ್ಚಾಗಿದ್ದರೂ ಕನ್ನಡ, ತೆಲುಗು, ತಮಿಳು ಕೀಲಿವಿನ್ಯಾಸಗಳು ವಿಂಡೋಸ್‌ನಲ್ಲೇ ಇವೆ; ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಗಡಿನಾಡಿಗೆ ಇನ್‌ಸ್ಕ್ರಿಪ್ಟ್ ವಿನ್ಯಾಸ ವಿಶೇಷವಾಗಿ ಒಪ್ಪುತ್ತದೆ. ಕನ್ನಡದ ‘ಕ’ ಇರುವ ಕೀಲಿಯಲ್ಲೇ ತೆಲುಗಿನ, ತಮಿಳಿನ ‘ಕ’ವೂ ಇರುವುದರಿಂದ ಒಮ್ಮೆ ಕಲಿತ ಕೈ ಮೂರೂ ಭಾಷೆಗೆ ಒದಗುತ್ತದೆ. ನುಡಿ ಅಥವಾ ತಮಿಳ್99 ವಿನ್ಯಾಸ ರೂಢಿಯಾದವರು ಅದನ್ನೇ ಮುಂದುವರಿಸಬಹುದು. ಮುಂದೆ ಹುಡುಕಲು, ಕಳಿಸಲು ಬರುವಂತೆ ಕಡತ ಯೂನಿಕೋಡ್‌ನಲ್ಲಿರಲಿ ಎಂಬುದಷ್ಟೇ ನಿಯಮ.

ಪೋರ್ಟ್‌ಗಳ ಲೆಕ್ಕ ಮಿಶ್ರವಾದದ್ದು. ಹಳೆಯ ಚಪ್ಪಟೆ ಯುಎಸ್‌ಬಿ ಎರಡು, ಟೈಪ್-ಸಿ ಎರಡು, ಎಚ್‌ಡಿಎಂಐ ಒಂದು. ಡಿಜಿಟಲ್ ಸಹಿಯ ಟೋಕನ್, ಬಿಲ್ ಪ್ರಿಂಟರ್, ನಂಬರ್ ಪ್ಯಾಡ್ ಮೂರನ್ನೂ ಒಟ್ಟಿಗೆ ಸಿಕ್ಕಿಸಲು ಯುಎಸ್‌ಬಿ ಹಬ್ ಬೇಕು. ಎಕ್ಸ್270ರಲ್ಲಿದ್ದ ಪೂರ್ಣ ಗಾತ್ರದ ಲ್ಯಾನ್ ಪೋರ್ಟ್ ಇಲ್ಲಿಲ್ಲ. ಅದರ ಬದಲಿರುವ ಕಿರುಪೋರ್ಟಿಗೆ ಲೆನೊವೊದ್ದೇ ಅಡಾಪ್ಟರ್ ಬೇಕು; ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಅದನ್ನು ಕೇಳಿ ಪಡೆಯಬೇಕು, ಸಿಗದಿದ್ದರೆ ಸಾಮಾನ್ಯ ಯುಎಸ್‌ಬಿ ಲ್ಯಾನ್ ಅಡಾಪ್ಟರೂ ನಡೆಯುತ್ತದೆ. ತೂಕದ ಯಂತ್ರಕ್ಕೋ ಹಳೆಯ ಸಿಎನ್‌ಸಿ ಯಂತ್ರಕ್ಕೋ ಬೇಕಾಗುವ ಸೀರಿಯಲ್ ಸಂಪರ್ಕಕ್ಕೆ ಪರಿವರ್ತಕ ಕೇಬಲ್ ಅನಿವಾರ್ಯ.

ಬ್ಯಾಟರಿ 48 ವ್ಯಾಟ್-ಗಂಟೆಯದು, ದೇಹದ ಒಳಗಿದೆ. ಸಾಧಾರಣ ಕಚೇರಿ ಕೆಲಸಕ್ಕೆ 7 ವ್ಯಾಟ್ ಎಂದಿಟ್ಟುಕೊಂಡರೆ ಹೊಸದರಲ್ಲಿ ಆರೂವರೆ ಗಂಟೆ ದಾಟಬೇಕು. ಸಾಮರ್ಥ್ಯ 60 ಪ್ರತಿಶತಕ್ಕೆ ಇಳಿದರೆ ನಾಲ್ಕು ಗಂಟೆ. ಕರೆಂಟು ಹೋದಾಗ ಕೈಗೆತ್ತಿಕೊಂಡ ಬಿಲ್ ಮುಗಿಸಲು ಇದು ಧಾರಾಳ. ಆದರೆ ಕೆಲಸದ ನಡುವೆಯೇ ಹಿಂಬದಿಯ ಬ್ಯಾಟರಿ ಕಳಚಿ ಇನ್ನೊಂದನ್ನು ಹಾಕುವ ಎಕ್ಸ್270ರ ಅನುಕೂಲ ಇಲ್ಲಿ ತಪ್ಪಿದೆ. ಚಾರ್ಜಿಂಗ್ ಟೈಪ್-ಸಿಯಿಂದ. 2017ರಿಂದ 2019ರ ನಡುವಿನ ಹಲವು ಥಿಂಕ್‌ಪ್ಯಾಡ್‌ಗಳಲ್ಲಿ ಥಂಡರ್‌ಬೋಲ್ಟ್ ಫರ್ಮ್‌ವೇರ್ ದೋಷದಿಂದ ಟೈಪ್-ಸಿ ಪೋರ್ಟ್ ಕೈಕೊಡುವ ಸಮಸ್ಯೆಯಿತ್ತು. ಲೆನೊವೊ ಅದಕ್ಕೆ ತಿದ್ದುಪಡಿ ಬಿಡುಗಡೆ ಮಾಡಿತು. ಎಕ್ಸ್280 ಕೊಂಡವರು ಆ ಅಪ್‌ಡೇಟನ್ನು ಮೊದಲೇ ಹಾಕಿಕೊಳ್ಳುವುದು ಕ್ಷೇಮ, ಕೊಳ್ಳುವ ಮುನ್ನ ಎರಡೂ ಪೋರ್ಟಿನಲ್ಲಿ ಚಾರ್ಜರ್ ಹಾಕಿ ನೋಡುವುದೂ ಅಗತ್ಯ.

ಒಟ್ಟಾರೆ ನೋಡಿದರೆ ಎಕ್ಸ್280ರ ಬಲ ಕೀಲಿಮಣೆ, ಕಡಿಮೆ ತೂಕ ಮತ್ತು ವಿಂಡೋಸ್ 11ರ ಅರ್ಹತೆಯಲ್ಲಿದೆ. ದೌರ್ಬಲ್ಯವೆಲ್ಲ ತೆಳುವಾಗಲು ತೆತ್ತ ಬೆಲೆ: ಬೆಸೆದ ಮೆಮೊರಿ, ಮಾಯವಾದ ಲ್ಯಾನ್ ಪೋರ್ಟ್, ಒಳಸೇರಿದ ಬ್ಯಾಟರಿ. ಕಾರ್ಖಾನೆ, ಆಡಿಟರ ಕಚೇರಿ, ಬೆಂಗಳೂರಿನ ಗಿರಾಕಿ ಎಂದು ಓಡಾಡುವ ಘಟಕದ ಮಾಲೀಕರಿಗೂ ಮಾರಾಟದವರಿಗೂ ಇದು ಒಳ್ಳೆಯ ಆಯ್ಕೆ. ಒಂದೇ ಕುರ್ಚಿಯಲ್ಲಿ ಕೂತು ದಿನವಿಡೀ ಲೆಕ್ಕ ಬರೆಯುವವರಿಗೆ ಅದೇ ಹಣದಲ್ಲಿ ನಂಬರ್ ಪ್ಯಾಡ್ ಇರುವ 15 ಇಂಚಿನ ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್ ಹೆಚ್ಚು ನ್ಯಾಯ ಒದಗಿಸುತ್ತದೆ. ಕೊಳ್ಳುವುದೇ ಆದರೆ 8ನೇ ಪೀಳಿಗೆಯ ಐ5, 16 ಜಿಬಿ ಮೆಮೊರಿ, 1920×1080 ಪರದೆ ಇರುವುದನ್ನೇ ಆರಿಸಬೇಕು. ಮೆಮೊರಿಯಲ್ಲಿ 8 ಜಿಬಿಗೆ ಇಳಿಯಬಹುದು, ಪರದೆಯಲ್ಲಿ ಮಾತ್ರ ರಾಜಿ ಸಲ್ಲದು.