ನಿರ್ಣಾ ಸರ್ಕಲನ್ನುಳಿದು

1956ರ ರಾಜ್ಯ ಪುನರ್ವಿಂಗಡಣಾ ಶಾಸನದ ಮೂರನೆಯ ಪ್ರಕರಣದಲ್ಲಿ, ಹೈದರಾಬಾದಿನಿಂದ ಕಳಚಿ ಆಂಧ್ರಕ್ಕೆ ಸೇರತಕ್ಕ ಸೀಮೆಗಳನ್ನು ಎಣಿಸುತ್ತ ಬರುವಲ್ಲಿ, ಗುಲಬರ್ಗೆಯ ತಾಂಡೂರನ್ನು ಹೇಳಿ ಮುಗಿಸಿದ ಲೇಖನಿಯು ಬೀದರ ಜಿಲ್ಲೆಗೆ ಬಂದು, ನಿರ್ಣಾ ಸರ್ಕಲನ್ನುಳಿದು ಜಹೀರಾಬಾದ್ ತಾಲ್ಲೂಕನ್ನೂ, ಬೀದರ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲನ್ನೂ, ನಾರಾಯಣಖೇಡ್ ತಾಲ್ಲೂಕನ್ನೂ ಒಂದೇ ಉಸಿರಿನಲ್ಲಿ ಮೆದಕಿಗೆ ಒಪ್ಪಿಸಿಬಿಡುತ್ತದೆ. ಕಾವ್ಯವನ್ನು ಪರೀಕ್ಷಿಸುವಂತೆ ಕಾಯಿದೆಯ ಉಪವಾಕ್ಯವೊಂದನ್ನು ಪರೀಕ್ಷಿಸುವುದು ವಿಚಿತ್ರವೆನಿಸಬಹುದು. ಆದರೆ ಕಾವ್ಯವು ಕೆಟ್ಟರೆ ಓದುಗನು ಪುಸ್ತಕವನ್ನು ಮಡಿಚಿಡಬಲ್ಲನು, ಈ ವಾಕ್ಯದೊಳಗೆ ಸಿಕ್ಕವರಿಗೆ ಆ ಸೌಕರ್ಯವಿಲ್ಲ.

ಈ ಹೈದರಾಬಾದ್ ಸೀಮೆಯು ಭಾರತಕ್ಕೆ ಸೇರಿದ ಬಗೆಯೇ ವಾದಗ್ರಸ್ತವಾದದ್ದು. ನಿಜಾಮನು ಭಾರತಕ್ಕೆ ಸೇರುವ ಸೇರ್ಪಡೆಪತ್ರಕ್ಕೆ ಎಂದೂ ರುಜು ಹಾಕಲಿಲ್ಲ. 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದ ಅವಧಿಯು ತುಂಬುವ ಮೊದಲೇ, ನಿಜಾಮನ ಪರವಾಗಿ ನಿಂತ ರಜಾಕಾರರ ಪಡೆಯ ಉಪಟಳದಿಂದ ಊರೂರು ತತ್ತರಿಸಿದ್ದ ಕಾಲದಲ್ಲಿ, 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆಯು ಒಳನುಗ್ಗಿತು. ಟ್ಯಾಂಕುಗಳು ನಡೆಸಿದ ಈ ಕಾರ್ಯಕ್ಕೆ ‘ಪೊಲೀಸ್ ಆಕ್ಷನ್’ ಎಂಬ ಹೆಸರು ಬಂದುದು ಕೇವಲ ವಿನಯದಿಂದಲ್ಲ: ಯುದ್ಧವೆಂದರೆ ಎದುರಾಳಿಯ ಸಾರ್ವಭೌಮತ್ವವನ್ನು ಒಪ್ಪಿದಂತಾಗುತ್ತಿತ್ತು, ನಿಜಾಮನ ದೂರು ಆಗಲೇ ಭದ್ರತಾ ಮಂಡಳಿಯ ಬಾಗಿಲಲ್ಲಿತ್ತು. ಆಮೇಲಿನ ಪ್ರತೀಕಾರದ ಹತ್ಯೆಗಳಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬೀದರ, ಗುಲಬರ್ಗಾಗಳನ್ನೂ ಕೇಂದ್ರ ಸರ್ಕಾರವು ವಿಚಾರಣೆಗೆ ಕಳುಹಿದ ಸುಂದರಲಾಲ್ ಸಮಿತಿಯು ಎಣಿಸಿತು.

ಅಮೆರಿಕದ ಅಂತರ್ಯುದ್ಧವು ಮುಗಿದಾಗ ಅಲ್ಲಿಯೂ, ಸೇನೆಯಿಂದ ಗೆದ್ದ ನಾಡು ಮೊದಲೇ ಒಳಗಿನದೋ ಹೊರಗಿನದೋ ಎಂಬ ಇದೇ ತೊಡಕು. ದಕ್ಷಿಣದ ರಾಜ್ಯಗಳು ಒಕ್ಕೂಟವನ್ನು ಬಿಟ್ಟೇ ಇರಲಿಲ್ಲವೆಂದು ಲಿಂಕನ್ನನ ಮತ; ಅವು ಗೆದ್ದ ಪ್ರಾಂತಗಳೇ ಸರಿ ಎಂದು ಥ್ಯಾಡಿಯಸ್ ಸ್ಟೀವನ್ಸನ ಹಟ; 1869ರಲ್ಲಿ ಟೆಕ್ಸಾಸಿನ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಒಕ್ಕೂಟವನ್ನು ಮುರಿಯಬರುವುದಿಲ್ಲವೆಂದು ತೀರ್ಮಾನಿಸಿತು. ನಮ್ಮಲ್ಲಿ ನಡೆದುದು ಅದಕ್ಕೆ ವಿಪರೀತ. ಮರಣದಂಡನೆಗೆ ಗುರಿಯಾದ ತೆಲಂಗಾಣದ ಕೈದಿಗಳು ಜನಾರ್ದನ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಮೊರೆಹೋದಾಗ, 1950ರ ಜನವರಿ 26ಕ್ಕೆ ಮುಂಚೆ ಹೈದರಾಬಾದಿನ ನ್ಯಾಯಾಲಯವು ಭಾರತದ ಭೂಪ್ರದೇಶದಲ್ಲಿ ಇರಲಿಲ್ಲ, ಆದುದರಿಂದ ಅದರ ತೀರ್ಪಿನ ಮೇಲೆ ಅಪೀಲಿಗೆ ಅನುಮತಿಯಿಲ್ಲ ಎಂಬ ಉತ್ತರವು ಬಂದಿತು. ಸೇನೆ ಕಳುಹುವಾಗ ಒಳಗಿನದಾಗಿದ್ದ ನಾಡು, ದಯೆ ಬೇಡುವಾಗ ಹೊರಗಿನದಾಯಿತು! ತರ್ಕವು ನಿರ್ದುಷ್ಟವಾಗಿರಬಹುದು, ನನಗಂತೂ ಅದರಲ್ಲಿ ನ್ಯಾಯದ ಸೊಗಸು ಕಾಣಿಸಲಿಲ್ಲ.

ಕೂಡಿಸುವಲ್ಲಿ ಇಷ್ಟು ತಡವರಿಸಿದ ಕಾನೂನು ಬಿಡಿಸುವಲ್ಲಿ ಎಷ್ಟು ಚುರುಕು! ಸಂವಿಧಾನದ ಮೂರನೆಯ ಅನುಚ್ಛೇದದ ಪ್ರಕಾರ ಶಾಸನಸಭೆಯ ಅಭಿಪ್ರಾಯವನ್ನು ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ಆಂಧ್ರ ಪ್ರದೇಶದ ಸಭೆಯು ತಿರಸ್ಕರಿಸಿದ ಮೇಲೆಯೂ 2014ರಲ್ಲಿ ತೆಲಂಗಾಣವು ಹುಟ್ಟಿದುದು ಇದರಿಂದಲೇ. ಅಮೆರಿಕದಲ್ಲಿ ಒಪ್ಪಿಗೆ ಬೇಕು. ಆದರೂ ಯುದ್ಧಮಧ್ಯದಲ್ಲಿ ವರ್ಜೀನಿಯವನ್ನು ಸೀಳಿದಾಗ ಒಪ್ಪಿಗೆ ಕೊಟ್ಟದ್ದು ಒಕ್ಕೂಟದ ಪಕ್ಷದವರೇ ಕಟ್ಟಿಕೊಂಡ ಸರ್ಕಾರವೆಂಬುದನ್ನು ಮರೆಯಲಾಗದು. ನಮ್ಮ ರಾಜ್ಯ ಪುನರ್ವಿಂಗಡಣೆಗೆಂದು ನೇಮಕವಾದ ಫಜಲ್ ಅಲಿ ಆಯೋಗವು 1955ರಲ್ಲಿ ಬೀದರ ಜಿಲ್ಲೆಯನ್ನು ಹೈದರಾಬಾದಿನೊಂದಿಗೇ ಇರಿಸಬೇಕೆಂದಿತ್ತು. ಸಂಸತ್ತು ಅದನ್ನು ಮೈಸೂರು, ಆಂಧ್ರ, ಮುಂಬಯಿಗಳೆಂದು ಮೂರು ಪಾಲು ಮಾಡಿತು. ಭಾಷೆಯ ಹೆಸರಿನಲ್ಲಿ ನಡೆದ ಈ ಪಾಲಿನಲ್ಲಿ ಕತ್ತರಿಯು ಓಡಿದ್ದು ಮಾತ್ರ ಕಂದಾಯ ವಸೂಲಿಗೆಂದು ಎಳೆದ ಸರ್ಕಲಿನ ಗೆರೆಯ ಮೇಲೆ. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಬೀದರದ ಕಡೆಯಿಂದ ಬರುವ ಭಕ್ತರಿಗಾಗಲಿ, ತಾಂಡೂರನ್ನು ಹಾದು ಭೀಮೆಯನ್ನು ಕೂಡುವ ಕಾಗಿಣಾ ನದಿಗಾಗಲಿ ಆ ಗೆರೆ ತಿಳಿಯದು.

ಹಾಗೆ ಆಚೆಗುಳಿದ ಕನ್ನಡದ ಮಕ್ಕಳಂಥವರಿಗೆಂದು 1956ರಲ್ಲಿಯೇ ಸಂವಿಧಾನದ ಏಳನೆಯ ತಿದ್ದುಪಡಿಯು 350ಎ ಅನುಚ್ಛೇದವನ್ನು ಸೇರಿಸಿ, ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸುವ ಮಾತನ್ನಾಡಿತು. ಆ ಶಾಸನ, ಈ ಅನುಚ್ಛೇದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕ್ರಿಯಾಪದಗಳನ್ನು ನೋಡಬೇಕು: ನಾರಾಯಣಖೇಡವು ಮೆದಕಿಗೆ ‘ಸೇರತಕ್ಕದ್ದು’, ಅಲ್ಲಿಯ ಮಗುವಿಗೆ ಕನ್ನಡವನ್ನು ಕಲಿಸಲು ರಾಜ್ಯವು ‘ಪ್ರಯತ್ನಿಸತಕ್ಕದ್ದು’.